ಕಪ್ಪತಗುಡ್ಡದ ಸೆರಗಿನ ಹಳೇ ಗಣಿ ಉಗ್ರಾಣ: ಹಸಿ ಇಟ್ಟಂಗಿ ಕಟ್ಟಡದ ದುರಸ್ತಿ ಹೇಗಾಗಿದೆ?

ಗೋಡೆ ಕೆಲಸಕ್ಕೆ ಕೈ ಮುಗಿಯಬೇಕು. ನೀರಿನ ಕೆಲಸದಲ್ಲಿ ಮಾತ್ರ ತಂಡ ಕೈ ಕೊಟ್ಟಿದೆ. ಒಟ್ಟು ಐದಕ್ಕೆ ಮೂರೂವರೆ ಅಂಕ. ಮಣ್ಣಿನ ಕಟ್ಟಡಕ್ಕೆ ನೀರೇ ಯಮ ಎಂದು ಬಲ್ಲವರು ಇದನ್ನು ಎರಡೂವರೆಗೆ ಇಳಿಸಿದರೂ ನಮ್ಮ ತಕರಾರಿಲ್ಲ. ದುರಸ್ತಿ ಮಾಡಿದ ತಂಡದ ಹೆಸರು ಇಲ್ಲಿ ಬರೆದಿಲ್ಲ. ಇಂಥ ಕೆಲಸ ಮಾಡಿಸಲು ಹೊರಟವರಿಗೆ ಹೆಸರಿಗಿಂತ ವಿವರವೇ ಹೆಚ್ಚು ಉಪಯೋಗ.

ಬಂಗಾರದ ಗಣಿ ಎಂದರೆ ನಮ್ಮಲ್ಲಿ ಕೋಲಾರ, ಹಟ್ಟಿ ಎರಡೇ ಹೆಸರು ಬಾಯಿಗೆ ಬರುತ್ತವೆ. ಆದರೆ ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಬಂಗಾರ ಇದೆಯೆಂದು ಕ್ಯಾಪ್ಟನ್ ನ್ಯೂಬೋಲ್ಡ್ 1839ರಷ್ಟು ಹಿಂದೆಯೇ ಬರೆದಿದ್ದ. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಅಡ್ಡಾಡಿ, ಡೋಣಿ, ಸೊರಟೂರು ಕಡೆಯ ಹಳ್ಳಗಳನ್ನು ನೋಡಿದ. ಅದಕ್ಕೂ ಮೊದಲಿನಿಂದ ಮರಳು ತೊಳೆದು ಬಂಗಾರದ ಪುಡಿ ಹೆಕ್ಕುತ್ತಿದ್ದವರು ಜಲಗಾರರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಹೊಸೂರು, ಕಬಲಾಯತಕಟ್ಟಿ ಸುತ್ತ ಬ್ರಿಟಿಷ್ ಬಂಡವಾಳದ ಗಣಿಗಳು ನಡೆದವು. ಖರ್ಚಿಗೆ ತಕ್ಕ ಬಂಗಾರ ಸಿಗದೆ ಬಾಗಿಲು ಹಾಕಿದವು. ಆ ಅಧ್ಯಾಯದಲ್ಲಿ ಉಳಿದದ್ದು ಮುಚ್ಚಿಹೋದ ಬಾವಿಗಳು, ಬೆಣಚುಕಲ್ಲಿನ ದಿಬ್ಬಗಳು, ಅಲ್ಲೊಂದು ಇಲ್ಲೊಂದು ಮಣ್ಣಿನ ಕಟ್ಟಡ. ಕಲ್ಲಿನ ಗುಡಿಗೆ ಸಿಗುವ ಕಾಳಜಿ ಇಂಥ ಉಗ್ರಾಣಕ್ಕೆ ಸಿಗುವುದಿಲ್ಲ. ಡಂಬಳದ ದೊಡ್ಡಬಸಪ್ಪ ಗುಡಿ ಸಾವಿರ ವರ್ಷ ತಡೆದೀತು. ಹಸಿ ಇಟ್ಟಂಗಿಯ (ಅಂದರೆ ಸುಡದೆ ಬರೀ ಒಣಗಿಸಿದ ಮಣ್ಣಿನ ಇಟ್ಟಂಗಿಯ) ಗೋಡೆ, ಮಾಳಿಗೆ ಸೋರತೊಡಗಿದ ನಾಲ್ಕೈದು ಮಳೆಗಾಲದಲ್ಲಿ ಮಣ್ಣಿನ ಗುಪ್ಪೆ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡ ಕಟ್ಟಡ 42 ಅಡಿ ಉದ್ದ, 18 ಅಡಿ ಅಗಲದ ಮೂರಂಕಣದ ಉಗ್ರಾಣ. ಒಂದೂವರೆ ಅಡಿ ಎತ್ತರದ ಕಾಡುಗಲ್ಲಿನ ಬುನಾದಿ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಹಸಿ ಇಟ್ಟಂಗಿ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆ ಮಾಳಿಗೆ. ಹೊರಗೋಡೆಗೆ ಯಾರೋ ಹಿಂದೊಮ್ಮೆ ಕೋಳಿಜಾಳಿ ಬಡಿದು ಸಿಮೆಂಟ್ ಗಿಲಾವು ಮಾಡಿಬಿಟ್ಟಿದ್ದರು. ಕಟ್ಟಡಕ್ಕೆ ತಗಲಿದ್ದ ದೊಡ್ಡ ರೋಗ ಅದೇ. ಮಣ್ಣಿನ ಗೋಡೆ ನೆಲದ ತೇವ ಹೀರಿ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ, ಒಳಗೆ ತೇವ ನಿಲ್ಲುತ್ತದೆ, ಇಟ್ಟಂಗಿ ಕೆಸರಾಗಿ ಗಿಲಾವಿನ ಹಿಂದೆ ಕುಸಿಯುತ್ತದೆ. ಹೊರಗಿನಿಂದ ಗೋಡೆ ನೆಟ್ಟಗೆ ಕಾಣುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ ಡಬ್ ಎಂಬ ಪೊಳ್ಳು ಸದ್ದು.

ಸಿಮೆಂಟ್ ಬಿಡಿಸಿದ ರೀತಿ ಮೆಚ್ಚುವಂಥದ್ದು. ಹಾರೆ ಹಾಕಿ ಒಮ್ಮೆಲೇ ಕಿತ್ತಿದ್ದರೆ ಅರ್ಧ ಗೋಡೆ ಅದರ ಜೊತೆಗೇ ಬರುತ್ತಿತ್ತು. ಇವರು ಒಂದಡಿ ಚೌಕಗಳಾಗಿ ಗ್ರೈಂಡರಿನಿಂದ ಗೀರಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಚೌಕ ಎಬ್ಬಿಸಿದರು. ಜಾಳಿಯ ಮೊಳೆಗಳನ್ನು ಎಳೆಯದೆ ಅಲ್ಲಲ್ಲೇ ಕತ್ತರಿಸಿದರು. ಬಿಡಿಸಿದ ಮೇಲೆ ಫೆಬ್ರುವರಿಯಿಂದ ಏಪ್ರಿಲ್ ಕೊನೆಯವರೆಗೆ ಗೋಡೆಯನ್ನು ಬಿಸಿಲು-ಗಾಳಿಗೆ ಸುಮ್ಮನೆ ಬಿಟ್ಟರು. ಕೆಲಸ ಕೊಟ್ಟವರಿಗೆ ಇದು ಹೊತ್ತು ಕಳೆಯುವ ನೆಪವೆಂದು ಅನ್ನಿಸೀತು. ಒಳಗೆ ಹಸಿ ಇರುವ ಗೋಡೆಗೆ ಹೊಸ ಗಿಲಾವು ಹಚ್ಚಿದರೆ ತೇವದ ಜೊತೆ ಉಪ್ಪು ಹೊರಬಂದು ವರ್ಷದೊಳಗೆ ಪದರ ಉದುರುತ್ತದೆ. ಆರಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ: ಎರಡಿಂಚಿನ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ; ಒಣ ಇಟ್ಟಂಗಿಯಲ್ಲಿ ತುದಿಯೂ ಇಳಿಯದು, ಹಸಿ ಇದ್ದರೆ ಸಲೀಸಾಗಿ ಹೋಗುತ್ತದೆ.

ಹೊಸ ಇಟ್ಟಂಗಿಗೆ ಮಣ್ಣು ಆರಿಸಿದ್ದರಲ್ಲೂ ಲೆಕ್ಕಾಚಾರ ಇದೆ. ಗದಗದ ಬಯಲೆಲ್ಲ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಬಾಯಿ ಬಿಡುತ್ತದೆ. ಇಟ್ಟಂಗಿಗೆ ಅದು ಬೇಡವೇ ಬೇಡ. ಗುಡ್ಡದ ಬುಡದ ಮಸಾರಿ, ಅಂದರೆ ಕೆಂಪು ಮಣ್ಣು ಸರಿ. ತಂಡ ನಾಲ್ಕು ಹೊಲಗಳ ಮಣ್ಣು ತಂದು ಬಾಟಲಿ ಪರೀಕ್ಷೆ ಮಾಡಿತು. ಬಾಟಲಿಯ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ನುಣ್ಣನೆಯ ರೇವೆಗೆ ಅರ್ಧ-ಒಂದು ತಾಸು, ಜೇಡಿಗೆ ಒಂದು ದಿನ. ಜೇಡಿ ಐದರಲ್ಲಿ ಒಂದು ಪಾಲಿನ ಆಸುಪಾಸು ಇದ್ದ ಮಣ್ಣನ್ನು ಆರಿಸಿದರು. ಅದಾದ ಮೇಲೆ 60 ಸೆಂ.ಮೀ. ಉದ್ದದ ಕಟ್ಟಿಗೆ ಅಚ್ಚಿನಲ್ಲಿ ಕಲಸಿದ ಮಣ್ಣು ತುಂಬಿ ಒಣಗಿಸಿ, ಎಷ್ಟು ಕುಗ್ಗಿತೆಂದು ಅಳೆದರು. ಕುಗ್ಗು 2 ಸೆಂ.ಮೀ. ದಾಟಿದಾಗ ಹಳ್ಳದ ಮರಳು ಸೇರಿಸಿ ಮತ್ತೆ ಅಚ್ಚು ಹಾಕಿದರು. ಬಾಟಲಿಯನ್ನೇ ನಂಬಿದ್ದರೆ ಆ ಕುಗ್ಗು ಕಾಣುತ್ತಿರಲಿಲ್ಲ. ಜೇಡಿಯ ಪ್ರಮಾಣ ಒಂದೇ ಇದ್ದರೂ ಜಾತಿ ಬೇರೆ ಇರುತ್ತದೆ.

ಅಚ್ಚಿನ ಅಳತೆ ಹಳೇ ಇಟ್ಟಂಗಿಯದೇ: 14×9×4 ಇಂಚು, ಒಣಗಿದಾಗ ಒಂದಕ್ಕೆ ಸುಮಾರು 14 ಕೆ.ಜಿ. ಹೊಟ್ಟು ಬೆರೆಸಿ ಕಲಸಿದ ಮಣ್ಣನ್ನು ಎರಡು ದಿನ ನೆನೆಯಲು ಬಿಟ್ಟು, ತುಳಿದು, ಅಚ್ಚಿಗೆ ಹಾಕಿ, ನಾಲ್ಕು ದಿನ ನೆರಳಲ್ಲಿ ಅಂಗಾತ ಇಟ್ಟು, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ನಾಲ್ಕು ವಾರ ಒಣಗಿಸಿದರು. ಮೊದಲ ದಿನವೇ ಬಿಸಿಲಿಗೆ ಬಿದ್ದ ಒಂದಷ್ಟು ಇಟ್ಟಂಗಿ ನಟ್ಟನಡುವೆ ಸೀಳಿದವು. ಅವನ್ನು ಮತ್ತೆ ಕಲಸಿಕೊಂಡರು. ಹಸಿ ಇಟ್ಟಂಗಿಯ ದೊಡ್ಡ ಉಪಕಾರ ಇದೇ, ಕೆಟ್ಟದ್ದೂ ಕಸವಾಗುವುದಿಲ್ಲ. ಒತ್ತುಯಂತ್ರದ ಸಿಮೆಂಟ್ ಬೆರೆಸಿದ ಮಣ್ಣಿನ ಬ್ಲಾಕು ಸುಲಭವಾಗಿ ಸಿಗುತ್ತಿತ್ತು, ಹೊಸ ಮನೆಗೆ ಅದು ಒಳ್ಳೆಯದೇ. ಹಳೇ ಗೋಡೆಯ ನಡುವೆ ಅದನ್ನು ಸೇರಿಸಿದರೆ ಗಟ್ಟಿ ಬ್ಲಾಕು ಕದಲದೆ ನಿಂತು, ಪಕ್ಕದ ಮೆತ್ತನೆಯ ಇಟ್ಟಂಗಿ ಸವೆಯುತ್ತದೆ. ತಂಡ ಅದನ್ನು ದೂರ ಇಟ್ಟದ್ದು ಸರಿ.

ಗೋಡೆಯ ಬುಡ ಬುನಾದಿಯ ಮೇಲೆ ಸುತ್ತಲೂ ಒಂದಡಿ ಎತ್ತರದವರೆಗೆ ಕೊರೆದುಹೋಗಿತ್ತು, ಕೆಲವೆಡೆ ಗೋಡೆಯ ಅರ್ಧ ದಪ್ಪ ಮಾಯ. ಇಲ್ಲಿನ ದುರಸ್ತಿಯೇ ಇಡೀ ಕೆಲಸದ ಜೀವಾಳ. ಮೊದಲು ಒಳಗಿನಿಂದ ತೊಲೆಗಳಿಗೆ ಆಸರೆಯ ಟೇಕು ಕೊಟ್ಟರು. ಬುಡವನ್ನು ಎರಡೂವರೆ ಅಡಿಯ ತುಂಡುಗಳಾಗಿ ಗುರುತು ಹಾಕಿ, ಒಂದು ಬಿಟ್ಟು ಒಂದು ತುಂಡನ್ನು ಬಿಚ್ಚಿ ಕಟ್ಟಿದರು. ನಡುವಿನ ತುಂಡುಗಳಿಗೆ ಕೈ ಹಚ್ಚಿದ್ದು ಹೊಸದು ಆರಿದ ಮೇಲೆ. ಹೊಸ ಇಟ್ಟಂಗಿ ಸಾಲು ಹಳೆಯದರ ತಳಕ್ಕೆ ಮುಟ್ಟುವ ಕೊನೆಯ ಸಂದನ್ನು ಹತ್ತು ಹನ್ನೆರಡು ದಿನ ಖಾಲಿ ಬಿಟ್ಟರು. ಹಸಿ ಕೆಸರಿನ ಸಂದು ಆರುವಾಗ ಕುಗ್ಗುತ್ತದೆ. ಮೊದಲೇ ತುಂಬಿದರೆ ಕೂದಲೆಳೆಯಷ್ಟು ಸಂದು ಬಿಟ್ಟು ಮೇಲಿನ ಗೋಡೆ ಗಾಳಿಯಲ್ಲಿ ನಿಲ್ಲುತ್ತದೆ. ಕುಗ್ಗಿ ನಿಂತ ಮೇಲೆ, ಮುಷ್ಟಿಯಲ್ಲಿ ಉಂಡೆಯಾಗುವಷ್ಟೇ ತೇವದ ಮಣ್ಣನ್ನು ಕಟ್ಟಿಗೆ ಗೂಟದಿಂದ ಜಡಿದು ತುಂಬಿದ್ದಾರೆ. ಆ ಸಾಲನ್ನು ಈಗ ಹತ್ತಿರದಿಂದ ನೋಡಿದರೆ ಗೂಟದ ದುಂಡು ತಲೆಯ ಗುರುತು ಅಂಗುಲಕ್ಕೊಂದರಂತೆ ಕಾಣುತ್ತದೆ. ಗೌಂಡಿಗಳಿಗೆ ಕೆಲಸ ಗೊತ್ತಿತ್ತು.

ಲೆಕ್ಕ ಬೇಕಾದವರಿಗೆ: ಈ ಅಳತೆಯ ಇಟ್ಟಂಗಿ ಒಂದು ಘನ ಮೀಟರ್ ಗೋಡೆಗೆ ಸಂದು ಸೇರಿ 95ರಿಂದ 100 ಬೇಕಾಗುತ್ತವೆ. ಒಡೆಯುವುದು, ಸೀಳುವುದು ಸೇರಿಸಿ ನೂರಕ್ಕೆ ಹದಿನೈದು ಹೆಚ್ಚಿಗೆ ಹಾಕಿಸಿ.

ಬಿರುಕುಗಳಿಗೆ ಸಿಮೆಂಟ್ ಹಾಲು ಸುರಿಯಲಿಲ್ಲ. ಪ್ರತಿ ಮೂರನೇ ಸಾಲಿಗೆ ಬಿರುಕಿನ ಎರಡೂ ಬದಿ ಇಟ್ಟಂಗಿ ತೆಗೆದು, ಅಡ್ಡಲಾಗಿ ಇಡೀ ಇಟ್ಟಂಗಿ ಕೂರಿಸಿ ಹೊಲಿದಿದ್ದಾರೆ. ಉಳಿದ ಸಂದಿಗೆ ಜರಡಿ ಹಿಡಿದ ಮಣ್ಣಿನ ತೆಳು ರಾಡಿ, ಅದಕ್ಕೂ ಮೊದಲು ಒಳಗೆ ನೀರಿನ ಸಿಂಪಣೆ. ಈಶಾನ್ಯ ಮೂಲೆಯ ಬಿರುಕು ಮಾತ್ರ ಮತ್ತೆ ಬಾಯಿ ಬಿಟ್ಟಿದೆ. ಕಾರಣ ಮುಂದೆ ಬರುತ್ತದೆ.

ಮಾಳಿಗೆಗೆ ಬರೋಣ. ವರ್ಷ ವರ್ಷ ಸೋರಿದಲ್ಲಿ ಮಣ್ಣು ಹಾಕುತ್ತ ಹಾಕುತ್ತ ಮೇಲ್ಮುದ್ದೆ 16 ಇಂಚಿಗೆ ಏರಿತ್ತು. ಸುಮಾರು 70 ಚದರ ಮೀಟರ್ ಮಾಳಿಗೆಯ ಮೇಲೆ ಆ ದಪ್ಪಕ್ಕೆ 48 ಟನ್ನಿನ ಹತ್ತಿರ ಭಾರ. 9 ಇಂಚಿಗೆ ಇಳಿಸಿದರೆ 27 ಟನ್. ತೊಲೆಗಳು ಬಾಗಿದ್ದಕ್ಕೆ ಎಲ್ಲರೂ ಒರಲೆಯನ್ನು (ಗೆದ್ದಲನ್ನು) ಬೈಯುತ್ತಿದ್ದರು. ಅರ್ಧ ತಪ್ಪು ಈ ಭಾರದ್ದು. ತಂಡ ಪೂರ್ತಿ ಮಣ್ಣು ಇಳಿಸಿ, ಹನ್ನೊಂದು ಜಂತಿ ಬದಲಿಸಿ, ಗೋಡೆಯೊಳಗೆ ಕೂರುವ ತೊಲೆಯ ತುದಿಗಳಿಗೆ ಕಲ್ಲಿನ ಚಪ್ಪಡಿ ಕೊಟ್ಟು, ಸುತ್ತ ಬೆರಳಗಲ ಗಾಳಿ ಬಿಟ್ಟಿದೆ. ಕಟ್ಟಿಗೆಗೆ ಮೂರು ಪಾಲು ಬೋರಾಕ್ಸ್, ಎರಡು ಪಾಲು ಬೋರಿಕ್ ಆ್ಯಸಿಡ್ ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದು, ಆರಿದ ಮೇಲೆ ಅಗಸೆ ಎಣ್ಣೆ. ಕಟ್ಟಿಗೆಗೆ ನೀರು ತಾಗದವರೆಗೆ ಇದು ಒರಲೆಗೆ ಸಾಕು. ನೀರು ಹರಿದರೆ ಬೋರಾಕ್ಸ್ ತೊಳೆದುಹೋಗುತ್ತದೆ.

ಮೇಲ್ಪದರಕ್ಕೆ ಸವಳು ಮಣ್ಣೇ ಹಾಕಿದ್ದಾರೆ, ಮೂರು ಇಂಚು. ಹೊಲಕ್ಕೆ ಶಾಪವಾದ ಈ ಮಣ್ಣು ಮಾಳಿಗೆಗೆ ವರ. ಅದರಲ್ಲಿರುವ ಸೋಡಿಯಂನಿಂದ ಜೇಡಿಯ ಕಣಗಳು ಮೊದಲ ಮಳೆಗೇ ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿ ಎಂದು ಸಲಹೆ ಕೊಟ್ಟವರಿದ್ದರಂತೆ. ಹಾಕಿದ್ದರೆ ಹಾಳೆಯ ಮೇಲೆ ನೀರು ನಿಂತು ಮಣ್ಣು ಜಾರುತ್ತಿತ್ತು, ಒಳಗಿನ ಆವಿ ಜಂತಿಗೆ ಬಡಿಯುತ್ತಿತ್ತು. ಸವಳು ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ವರ್ಷಕ್ಕೊಮ್ಮೆ ಹುಲ್ಲು ಕೀಳಬೇಕು, ಸವೆದಲ್ಲಿ ಕೆರೆದು ಹೊಸದು ಹಾಕಬೇಕು. ಕೆರೆಯದೆ ಹಾಕಿದರೆ ಮತ್ತೆ 16 ಇಂಚು.

ಗಿಲಾವಿನಲ್ಲಿ ಅರ್ಧ ಭೇಷ್, ಅರ್ಧ ತೊಂದರೆ. ಮೊದಲ ಪದರಕ್ಕೆ ಒಂದು ಪಾಲು ಮಸಾರಿ ಮಣ್ಣು, ಎರಡು ಪಾಲು ಮರಳು, ಅರ್ಧ ಪಾಲು ಗೋಧಿ ಹೊಟ್ಟು, ಹತ್ತು ದಿನ ಕೊಳೆಹಾಕಿದ್ದು. ಸಂದುಗಳನ್ನು ಅರ್ಧ ಇಂಚು ಕೆರೆದು, ಗೋಡೆ ತೋಯಿಸಿ, 20 ಮಿ.ಮೀ. ಹಚ್ಚಿದ್ದಾರೆ. ನೂರು ಚದರ ಅಡಿಗೆ ಈ ದಪ್ಪದಲ್ಲಿ ಆರೂವರೆ ಘನ ಅಡಿ ಆಗಬೇಕು, ಕುಳಿ-ಸಂದು ತುಂಬಿ ಎಂಟೊಂಬತ್ತು ಹಿಡಿಯುತ್ತದೆ. ಬ್ರಾಸ್ (ನೂರು ಘನ ಅಡಿ) ಲೆಕ್ಕದಲ್ಲಿ ಮರಳು ತರಿಸುವವರು ಇದನ್ನು ನೆನಪಿಡಿ. ಮಳೆ ಬಡಿಯುವ ಪಡುವಣ ಗೋಡೆಗೆ ಸುಣ್ಣದ ಗಿಲಾವು ಮಾಡಿದ್ದಾರೆ: ಸುಟ್ಟ ಸುಣ್ಣದ ಕಲ್ಲನ್ನು ಹೊಂಡದಲ್ಲಿ ಅರಳಿಸಿ ಒಂದು ತಿಂಗಳು ನೀರಡಿಯಲ್ಲಿಟ್ಟ ಬೆಣ್ಣೆಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಮಣ್ಣಿನ ಪದರ ಹಸಿ ಇರುವಾಗಲೇ ಹೆಂಚಿನ ಚೂರು ಒತ್ತಿ ಹಿಡಿತ ಕೊಟ್ಟಿರುವುದರಿಂದ ಸುಣ್ಣ ಬಿಟ್ಟುಕೊಂಡಿಲ್ಲ. ಏಳು ದಿನ ಒದ್ದೆ ಗೋಣಿತಾಟು ಹೊದಿಸಿದ್ದಾರೆ. ಮೇ ಬಿಸಿಲಿಗೆ ಇಷ್ಟಾದರೂ ಬೇಕು, ಒಣಗಿಬಿಟ್ಟರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವ ಬದಲು ಪುಡಿಯಾಗುತ್ತದೆ. ಅಂಗಡಿಯ ಚೀಲದ ಸುಣ್ಣದ ಪುಡಿ ಈ ಕೆಲಸಕ್ಕೆ ನಂಬಿಕೆಯದಲ್ಲ. ಚೀಲ ಹಳೆಯದಾದಷ್ಟೂ ಅದು ಬರೀ ಸೀಮೆಸುಣ್ಣದ ಪುಡಿಯಾಗುತ್ತ ಹೋಗುತ್ತದೆ.

ತೊಂದರೆ ಆದದ್ದು ಹಿಂಬದಿಯ ಒಂದು ಅಂಕಣದಲ್ಲಿ. ಹಳೇ ಇಟ್ಟಂಗಿಗಳಲ್ಲಿ ಬಿಳಿ ಬೆಣಚುಕಲ್ಲಿನ ಚೂರು ಕಂಡಿತೆಂದು, ಅದೇ ಮೂಲ ಸಾಮಗ್ರಿ ಎಂಬ ಹುರುಪಿನಲ್ಲಿ ಹಳೇ ಗಣಿ ದಿಬ್ಬದ ಪುಡಿಯನ್ನು ಗಿಲಾವಿನ ಮರಳಿಗೆ ಬೆರೆಸಿದರು. ಒಂದೇ ಮಳೆಗಾಲಕ್ಕೆ ಅಲ್ಲಿ ಹಳದಿ-ಕಂದು ಸೋರುಗಲೆ, ಬಿಳಿ ಉಪ್ಪಿನ ಹಕ್ಕಳೆ, ಅಂಗೈ ಅಗಲ ಎದ್ದ ಪದರ. ಗದಗ ಶಿಲಾಪಟ್ಟಿಯ ಬಂಗಾರ ಬೆಣಚುಕಲ್ಲಿನ ಜೊತೆ ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳನ್ನೂ ಕಟ್ಟಿಕೊಂಡೇ ಇರುತ್ತದೆ. ಪುಡಿ ಮಾಡಿದ ಅದಿರಿಗೆ ನೀರು-ಗಾಳಿ ತಾಗಿದರೆ ಅವು ತುಕ್ಕು ಹಿಡಿದು ಆಮ್ಲ, ಸಲ್ಫೇಟ್ ಉಪ್ಪು ಬಿಡುತ್ತವೆ. ಉಪ್ಪು ಹರಳುಗಟ್ಟುವಾಗ ಗಿಲಾವನ್ನು ಎಬ್ಬಿಸುತ್ತದೆ. ಇನ್ನು ಆರ್ಸೆನೋಪೈರೈಟಿನಲ್ಲಿರುವುದು ಪಾಷಾಣ, ಆರ್ಸೆನಿಕ್ ಎಂಬ ವಿಷ. ಶಾಲೆ ಮಕ್ಕಳು ಬಂದು ಕೈಯಾಡಿಸುವ ಗೋಡೆಗೆ ಅದನ್ನು ಬಳಿಯುವುದು ಎಲ್ಲಿಯ ಪರಂಪರೆ? ಆ ಅಂಕಣವನ್ನು ಒದ್ದೆ ಮಾಡಿ, ಧೂಳು ಏಳದಂತೆ, ಮಾಸ್ಕ್ ಹಾಕಿಕೊಂಡು ಪೂರ್ತಿ ತೆಗೆಯಬೇಕು. ಅಲ್ಲದೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ; ಧಾಮದ ಗಡಿಯೊಳಗಿನ ಮಣ್ಣು, ಕಲ್ಲು, ಕಟ್ಟಿಗೆ ಯಾವುದನ್ನೂ ಹೀಗೆ ಹೊತ್ತು ತರುವಂತಿಲ್ಲ.

ಈಗ ನೀರು. ಈ ಭಾಗದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಮಲೆನಾಡಿನವರು ನಗುವಷ್ಟು ಕಡಿಮೆ. ಆದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿದ್ದರೆ ಒಂದೇ ಸಂಜೆಗೆ ದಬದಬ ಬೀಳುತ್ತದೆ. 50 ಮಿ.ಮೀ. ಬಿದ್ದರೆ ಈ ಮಾಳಿಗೆಯಿಂದ 3,500 ಲೀಟರ್ ನೀರು ಇಳಿಯುತ್ತದೆ, ನಾಲ್ಕು ಹರನಾಳಿಗೆಯಿಂದ. ಹಳೆಯವು ತಗಡಿನವು, ಗೋಡೆಯಿಂದ ಎರಡಡಿ ಹೊರಗೆ ಚಾಚಿದ್ದವು. ಅವನ್ನು ಕಿತ್ತು ನಾಲ್ಕಿಂಚಿನ ಪಿವಿಸಿ ಕೊಳವೆಯನ್ನು ಬರೀ ಎಂಟಿಂಚು ಹೊರಗೆ ಬಿಟ್ಟು ಕತ್ತರಿಸಿದ್ದಾರೆ, ನೋಡಲು ಚೊಕ್ಕ ಕಾಣಲೆಂದು. ಗಾಳಿ ಇದ್ದ ದಿನ ನೀರೆಲ್ಲ ಗೋಡೆಗೆ. ಈಶಾನ್ಯ ಮೂಲೆಯ ಬಿರುಕು ಮತ್ತೆ ಬಿಟ್ಟದ್ದು ಸರಿಯಾಗಿ ಇಂಥ ಒಂದು ಕೊಳವೆಯ ಕೆಳಗೆ.

ಎರಡನೆಯದು ಇನ್ನೂ ದೊಡ್ಡದು. ಸುತ್ತಲಿನ ನೆಲ ರಸ್ತೆಗೆ ಹಾಕಿದ ಗರಸಿನಿಂದ (ಕಲ್ಲುಚೂರಿನ ಮಣ್ಣಿನಿಂದ) ಎಂಟಿಂಚು ಏರಿ, ಒಂದೂವರೆ ಅಡಿಯ ಬುನಾದಿಯಲ್ಲಿ ಹತ್ತಿಂಚು ಮಾತ್ರ ಮೇಲುಳಿದಿತ್ತು. ಮೊದಲ ದಿನದ ಕೆಲಸವೇ ಆ ಗರಸು ತೆಗೆಯುವುದಾಗಬೇಕಿತ್ತು. ಅದನ್ನು ಬಿಟ್ಟು, ಅದರ ಮೇಲೇ ಗೋಡೆಗೆ ಅಂಟಿ ಮೂರಡಿ ಅಗಲದ ಕಾಂಕ್ರೀಟ್ ಹಾಸಿದ್ದಾರೆ. ನೆಲದ ತೇವ ಕಾಂಕ್ರೀಟಿನಿಂದ ಮೇಲೇಳಲಾಗದೆ ಹತ್ತಿರದ ದಾರಿ ಹಿಡಿದಿದೆ, ಅಂದರೆ ಗೋಡೆ. ದೀಪಾವಳಿ ಹೊತ್ತಿಗೆ ಬುನಾದಿಯ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಬಿಳಿ ಉಪ್ಪಿನ ಪಟ್ಟಿ. ಮುತುವರ್ಜಿಯಿಂದ ಕಟ್ಟಿದ ಬುಡದ ಇಟ್ಟಂಗಿಗೇ ಹೀಗೆ ನೀರು ಕುಡಿಸಿದಂತಾಗಿದೆ. ಪರಿಹಾರ ಕಷ್ಟದ್ದಲ್ಲ: ಕಾಂಕ್ರೀಟ್ ಒಡೆದು, ನೆಲವನ್ನು ಎಂಟಿಂಚು ಇಳಿಸಿ, ಗೋಡೆಯಿಂದ ಹೊರಕ್ಕೆ ಮೀಟರಿಗೆ 5 ಸೆಂ.ಮೀ. ಇಳಿಜಾರು ಕೊಟ್ಟು, ಗರಸಿನ ಮೇಲೆ ಸಿಮೆಂಟ್ ಇಲ್ಲದೆ ಫರಸಿ ಕಲ್ಲು ಹಾಸುವುದು. ಕಾಲುವೆ ತೋಡುವುದಾದರೆ ಗೋಡೆಯಿಂದ ಐದಾರಡಿ ದೂರ. ಬುನಾದಿಯ ಪಕ್ಕದಲ್ಲೇ ತೋಡಿದರೆ ಕೆಳಗೆ ಎರೆ ಇದ್ದಲ್ಲಿ ಬುನಾದಿಯೇ ಏರಿಳಿಯುತ್ತದೆ.

ಗಣಿಯ ನೆನಪು ಉಳಿಸಿದ್ದರಲ್ಲಿ ತಂಡಕ್ಕೆ ಪೂರ್ತಿ ಅಂಕ ಕೊಡಬಹುದಿತ್ತು. ನಡುವಿನ ಅಂಕಣದ ಒಳಗೋಡೆಯಲ್ಲಿ ಸುಣ್ಣದ ಪದರಗಳನ್ನು ಚೂರಿಯಿಂದ ಒಂದೊಂದೇ ಬಿಡಿಸುವಾಗ ಇದ್ದಿಲಿನ ಗೀಟುಗಳು ಸಿಕ್ಕವು: ನಾಲ್ಕು ನಿಂತ ಗೀಟು, ಮೇಲೊಂದು ಅಡ್ಡ ಗೀಟು, ಮತ್ತೆ ನಾಲ್ಕು. ಚೀಲವೋ ಪೆಟ್ಟಿಗೆಯೋ ಎಣಿಸಿದ ಲೆಕ್ಕ. ಗೋಡೆಯ ಆ ಮೂರಡಿಯನ್ನು ಬಳಿಯದೆ ಬಿಟ್ಟಿದ್ದಾರೆ, ಒಳ್ಳೆಯದು. ಆದರೆ ಮೇಲೆ ಅಕ್ರಿಲಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಸಿಲಿಕೋನ್ ಹಚ್ಚಿ ಅಂಟಿಸಿದ್ದಾರೆ. ಒಳಗೆ ಬೆವರು ಕಟ್ಟಿ ಇದ್ದಿಲು ಉದುರತೊಡಗಿದೆ. ಹಾಳೆಯನ್ನು ಗೋಡೆಯಿಂದ ಒಂದಿಂಚು ದೂರಕ್ಕೆ, ನಾಲ್ಕು ಸ್ಕ್ರೂಗಳ ಮೇಲೆ ನಿಲ್ಲಿಸಿ, ಮೇಲೆ ಕೆಳಗೆ ಗಾಳಿ ಬಿಟ್ಟರೆ ಮುಗಿಯಿತು. ಬಾಗಿಲ ಮೇಲಿನ ಕಬ್ಬಿಣದ ಹಳಿತುಂಡಿನ ಅಡ್ಡಪಟ್ಟಿಗೆ ಬಣ್ಣ ಹೊಡೆಯದೆ, ತುಕ್ಕು ಉಜ್ಜಿ ಎಣ್ಣೆ ಸವರಿದ್ದು ಸರಿಯಾಗಿದೆ. ಗುಡ್ಡದ ಹಳೇ ಬಾವಿಗಳ ಕಡೆಗೆ ಬಾಣದ ಗುರುತಿನ ಫಲಕ ನೆಟ್ಟದ್ದು ಮಾತ್ರ ಅಪಾಯಕಾರಿ. ಅಂಚು ಕುಸಿಯುವ ಬಾವಿಗೆ ಮಂದಿ ಹೋಗುವಂತೆ ಮಾಡಬಾರದು. ಆ ಫಲಕ ಕೀಳಿಸಿ, ಒಳಗೋಡೆಗೆ ಒಂದು ನಕ್ಷೆ ತೂಗು ಹಾಕಿದರೆ ಸಾಕು.

ಈ ತಂಡಕ್ಕೇ ಕೆಲಸ ಕೊಡಬಹುದೇ ಎಂದರೆ, ಗೋಡೆ-ಮಾಳಿಗೆಗೆ ಕಣ್ಣು ಮುಚ್ಚಿ ಕೊಡಬಹುದು. ಕರಾರಿನಲ್ಲಿ ಮೂರು ಸಾಲು ಸೇರಿಸಿ: ನೆಲ ಇಳಿಸಿ ಇಳಿಜಾರು ಕೊಡುವ ಕೆಲಸ ಎಲ್ಲಕ್ಕಿಂತ ಮೊದಲು, ಗೋಡೆಯ ಸುತ್ತ ಎರಡು ಮೀಟರಿನೊಳಗೆ ಸಿಮೆಂಟ್ ಇಲ್ಲ, ಹರನಾಳಿಗೆ ಎರಡಡಿಗೆ ಕಡಿಮೆ ಚಾಚುವಂತಿಲ್ಲ. ಬಿಲ್ಲಿನ ಹತ್ತನೇ ಒಂದು ಪಾಲನ್ನು ಹಿಂಗಾರು ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಿ, ನವೆಂಬರಿನಲ್ಲಿ ಬುನಾದಿಯ ಮೇಲಿನ ಮೊದಲ ಮೂರು ಸಾಲಿಗೆ ಮೊಳೆ ಒತ್ತಿ ನೋಡಿದ ಮೇಲೆ ಕೊಡಿ.